ಅರವತ್ತು ವರ್ಚುವಲ್ ಮೆಷಿನ್, ಒಂದು ಸ್ಕ್ರಿಪ್ಟ್: ಕಾಲೇಜು ಲ್ಯಾಬಿನ ಕೆಲಸದ ದಿನಚರಿ

ಮಲೆನಾಡಿನ ಅಂಚಿನಲ್ಲಿರುವ ಒಂದು ಇಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿ ನಾನು ಲ್ಯಾಬ್ ಇನ್‌ಸ್ಟ್ರಕ್ಟರ್. ಮೂರನೇ ಸೆಮಿಸ್ಟರಿನ 60 ವಿದ್ಯಾರ್ಥಿಗಳಿಗೆ ತಲಾ ಒಂದು ಲಿನಕ್ಸ್ ಯಂತ್ರ ಬೇಕಾಗಿತ್ತು. ಲ್ಯಾಬಿನ ವಿಂಡೋಸ್ ಕಂಪ್ಯೂಟರುಗಳಲ್ಲಿ ಒಂದೊಂದಕ್ಕೂ, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಓಡಿಸುವ ವರ್ಚುವಲ್‌ಬಾಕ್ಸ್ ಹಾಕಿ, ಪ್ರತಿ ಸೆಮಿಸ್ಟರಿನ ಆರಂಭದಲ್ಲಿ ಅದನ್ನೇ ಮತ್ತೆ ಸರಿಪಡಿಸುತ್ತ ಎರಡು ವರ್ಷ ಕಳೆದಿದ್ದೆ. ಈ ಸಲ ಮೂರು ಹಳೆಯ ಸರ್ವರ್‌ಗಳನ್ನು ಒಟ್ಟಾಗಿ ಕೆಲಸ ಮಾಡುವ ಒಂದು ಕ್ಲಸ್ಟರ್ ಆಗಿ ಜೋಡಿಸಿ, ಎಲ್ಲ ವರ್ಚುವಲ್ ಮೆಷಿನ್‌ಗಳನ್ನೂ (ಸರ್ವರಿನೊಳಗೆ ಸಾಫ್ಟ್‌ವೇರ್ ರೂಪಿಸುವ ಕಂಪ್ಯೂಟರುಗಳು, ಚಿಕ್ಕದಾಗಿ ವಿಎಂ) ಕಮ್ಯಾಂಡ್ ಲೈನ್ ಸ್ಕ್ರಿಪ್ಟ್‌ನಿಂದಲೇ ಸೃಷ್ಟಿಸಬೇಕೆಂದು ನಿರ್ಧರಿಸಿದೆ. ಮಾಡಿದ್ದನ್ನು, ಕೆಡಿಸಿದ್ದನ್ನು ದಿನಾಂಕದ ಪ್ರಕಾರ ಇಲ್ಲಿ ಬರೆದಿಟ್ಟಿದ್ದೇನೆ. ಕಮ್ಯಾಂಡ್‌ಗಳ ಹೆಸರನ್ನು ನಾವು ಉಚ್ಚರಿಸುವ ಹಾಗೆಯೇ ಬರೆದಿದ್ದೇನೆ. ಟೈಪ್ ಮಾಡುವಾಗ ಅವು ಇಂಗ್ಲಿಷಿನ ಸಣ್ಣ ಅಕ್ಷರಗಳೆಂಬುದು ಈ ಕೆಲಸ ಮಾಡುವವರಿಗೆ ಗೊತ್ತೇ ಇದೆ.

1. ಸೆಪ್ಟೆಂಬರ್ 2, 2024, ಸೋಮವಾರ: ಯಂತ್ರಗಳು

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಳಸಿದ ಡೆಲ್ ಪವರ್‌ಎಡ್ಜ್ ಆರ್720 ಸರ್ವರ್ ಮೂರನ್ನು ತಂದೆವು. ತಲಾ 46,000 ರೂಪಾಯಿಯಂತೆ 1,38,000 ಆಯಿತು. ಪ್ರತಿಯೊಂದರಲ್ಲೂ 128 ಜಿಬಿ ರ‍್ಯಾಮ್ ಇದೆ. 1 ಟಿಬಿಯ ಎಸ್‌ಎಸ್‌ಡಿ ಆರಕ್ಕೆ 32,400, ಅವನ್ನು ಕೂರಿಸುವ ಕ್ಯಾಡಿ ಆರಕ್ಕೆ 2,700, ಕ್ಯಾಟ್6 ಕೇಬಲ್‌ಗಳಿಗೆ 900, ಗಾಡಿ ಬಾಡಿಗೆ 3,500. ಎಂಟು ಪೋರ್ಟಿನ ಗಿಗಾಬಿಟ್ ಸ್ವಿಚ್ ನಮ್ಮ ಸ್ಟೋರಿನಲ್ಲೇ ಇತ್ತು.

"ಮೂರೂ ಒಂದೇ ಸರ್, ಅಣ್ಣತಮ್ಮಂದಿರ ಹಾಗೆ" ಎಂದು ಅಂಗಡಿಯವರು ಹೇಳಿದ್ದರು. ರ‍್ಯಾಕಿಗೆ ಏರಿಸಿದ ಮೇಲೆ ಎಲ್‌ಎಸ್‌ಸಿಪಿಯು ಕಮ್ಯಾಂಡ್ ಕೊಟ್ಟು ನೋಡಿದರೆ, ಎರಡರಲ್ಲಿ ಹತ್ತು ಕೋರಿನ ಜಿಯಾನ್ ಇ5-2680 ವಿ2 ಜೋಡಿ, ಮೂರನೆಯದರಲ್ಲಿ ಒಂದು ತಲೆಮಾರು ಹಿಂದಿನ ಎಂಟು ಕೋರಿನ ಇ5-2670 ಜೋಡಿ. ಅಣ್ಣತಮ್ಮಂದಿರೇ ಸರಿ, ವಯಸ್ಸು ಮಾತ್ರ ಬೇರೆ. ಹಣ ಕೊಡುವ ಮೊದಲು ಆನ್ ಮಾಡಿಸಿ ನೋಡದೇ ಇದ್ದುದು ನನ್ನ ತಪ್ಪು.

ಇದರಲ್ಲಿರುವ ಪರ್ಕ್ ಎಚ್710 ರೇಡ್ ಕಾರ್ಡ್ ಡಿಸ್ಕ್‌ಗಳನ್ನು ನೇರವಾಗಿ ಆಪರೇಟಿಂಗ್ ಸಿಸ್ಟಮ್‌ಗೆ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಡಿಸ್ಕ್‌ಗಳನ್ನು ತಾನೇ ನಿಭಾಯಿಸುವ ಝಡ್‌ಎಫ್‌ಎಸ್ ಕಡತ ವ್ಯವಸ್ಥೆಯ ಆಸೆಯನ್ನು ಕೈಬಿಟ್ಟು, ಎರಡೆರಡು ಡಿಸ್ಕ್‌ಗಳನ್ನು ರೇಡ್-1 (ಒಂದರ ಪ್ರತಿ ಇನ್ನೊಂದರಲ್ಲಿ) ಮಾಡಿ, ಅದರ ಮೇಲೆ ವಿಎಂಗಳನ್ನು ನಡೆಸುವ ಪ್ರಾಕ್ಸ್‌ಮಾಕ್ಸ್ ವಿಇ 8.2 ಹಾಕಿದೆ. ಇನ್‌ಸ್ಟಾಲರ್ ತಾನಾಗಿಯೇ ಮಾಡುವ ವಿಭಜನೆಯಲ್ಲಿ ವರ್ಚುವಲ್ ಡಿಸ್ಕ್‌ಗಳಿಗೆಂದು ಸುಮಾರು 794 ಜಿಬಿಯ ಥಿನ್ ಪೂಲ್ (ಬಳಸಿದಷ್ಟೇ ಜಾಗ ಹಿಡಿಯುವ ಸಂಗ್ರಹ) ಪ್ರತಿ ನೋಡ್‌ನಲ್ಲೂ, ಅಂದರೆ ಕ್ಲಸ್ಟರಿನ ಪ್ರತಿ ಸರ್ವರಿನಲ್ಲೂ, ಸಿಕ್ಕಿತು. ಒಂದು ನೋಡ್‌ಗೆ 20 ಯಂತ್ರ, ಯಂತ್ರಕ್ಕೆ 4 ಜಿಬಿ ರ‍್ಯಾಮ್ ಮತ್ತು 20 ಜಿಬಿ ಡಿಸ್ಕ್ ಎಂದರೆ 80 ಜಿಬಿ ರ‍್ಯಾಮ್, 400 ಜಿಬಿ ಡಿಸ್ಕ್. ಧಾರಾಳವಾಗಿಯೇ ಇದೆ.

2. ಸೆಪ್ಟೆಂಬರ್ 4, ಬುಧವಾರ: ಕ್ಲಸ್ಟರ್ ಕಟ್ಟಿದ್ದು

ಪ್ರತಿ ಸರ್ವರ್‌ಗೂ ನಾಲ್ಕು ನೆಟ್‌ವರ್ಕ್ ಪೋರ್ಟ್‌ಗಳಿವೆ. ಮೊದಲನೆಯದನ್ನು ಕಾಲೇಜಿನ ನೆಟ್‌ವರ್ಕಿಗೂ, ಎರಡನೆಯದನ್ನು ಸ್ಟೋರಿನಿಂದ ತಂದ ಚಿಕ್ಕ ಸ್ವಿಚ್‌ಗೂ ಕೊಟ್ಟೆ. ಈ ಎರಡನೆಯ ದಾರಿ, ನೋಡ್‌ಗಳು ತಮ್ಮೊಳಗೆ ಮಾತಾಡಲು ಬಳಸುವ ಕೊರೊಸಿಂಕ್‌ಗೆ ಮಾತ್ರ ಮೀಸಲು. ಮೊದಲ ನೋಡ್‌ನಲ್ಲಿ ಕ್ಲಸ್ಟರ್ ಕಟ್ಟುವ ಪಿವಿಇಸಿಎಂ ಕ್ರಿಯೇಟ್, ಉಳಿದ ಎರಡರಲ್ಲಿ ಅದಕ್ಕೆ ಸೇರಿಸುವ ಪಿವಿಇಸಿಎಂ ಆ್ಯಡ್. ಎರಡೂ ಕಡೆ ಲಿಂಕ್0 ಎಂಬ ಆಯ್ಕೆಗೆ ಆ ಚಿಕ್ಕ ಸ್ವಿಚ್ಚಿನ ವಿಳಾಸ. ಹತ್ತು ನಿಮಿಷದ ಕೆಲಸಕ್ಕೆ ಇಡೀ ಮಧ್ಯಾಹ್ನ ಹೋಯಿತು.

ಮೊದಲ ಅಡ್ಡಿಯೆಂದರೆ, ಎರಡನೇ ನೋಡ್‌ನಲ್ಲಿ ಹಿಂದಿನ ದಿನ ಕೈ ಪಳಗಿಸಲೆಂದು 100ನೇ ಸಂಖ್ಯೆಯ ಒಂದು ವಿಎಂ ಮಾಡಿಟ್ಟಿದ್ದೆ. ಒಳಗೆ ವರ್ಚುವಲ್ ಮೆಷಿನ್ ಇರುವ ಸರ್ವರ್ ಅನ್ನು ಕ್ಲಸ್ಟರ್ ಸೇರಿಸಿಕೊಳ್ಳುವುದಿಲ್ಲ, ಏಕೆಂದರೆ ವಿಎಂ ಸಂಖ್ಯೆಗಳು ಇಡೀ ಕ್ಲಸ್ಟರಿಗೆ ಒಂದೇ ಸರಣಿ. ಅದನ್ನು ಅಳಿಸಿದ ಮೇಲೆ ಸೇರಿತು.

ಎರಡನೆಯದಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಮೂರನೇ ನೋಡ್ ಸೇರಿತಾದರೂ, ಮೊದಲ ನೋಡ್‌ನ ವೆಬ್ ಪುಟದಿಂದ ಅದನ್ನು ಕ್ಲಿಕ್ ಮಾಡಿದಾಗಲೆಲ್ಲ 401 ದೋಷ, ಟಿಕೆಟ್ (ಸಮಯ ನಮೂದಾಗಿರುವ ಲಾಗಿನ್ ಗುರುತು) ಅಮಾನ್ಯ ಎಂಬ ಸಂದೇಶ. ಪಾಸ್‌ವರ್ಡ್ ಮೂರು ಸಲ ಬದಲಿಸಿದೆ, ಪ್ರಮಾಣಪತ್ರಗಳನ್ನು ಹೊಸದಾಗಿ ಮಾಡಿದೆ, ಏನೂ ಆಗಲಿಲ್ಲ. ಕೊನೆಗೆ ಸುಮ್ಮನೆ ಡೇಟ್ ಎಂದು ಹೊಡೆದು ನೋಡಿದರೆ ಅದರ ಗಡಿಯಾರ ಹಲವು ವರ್ಷ ಹಿಂದೆ ನಿಂತಿತ್ತು. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿತ್ತು. ಸಮಯವನ್ನು ಹೊರಗಿನಿಂದ ತರುವ ಕ್ರೋನಿಗೆ ಬೇಕಾದ ಯುಡಿಪಿ 123ನೇ ಪೋರ್ಟನ್ನು ನಮ್ಮ ಫೈರ್‌ವಾಲ್ ತಡೆದಿತ್ತು. ಪೋರ್ಟ್ ತೆರೆಸಿ, ಮೂರು ಸರ್ವರ್‌ಗೂ 40 ರೂಪಾಯಿಯ ಹೊಸ ಸೆಲ್ ಹಾಕಿದೆ. 120 ರೂಪಾಯಿಯ ಈ ಬಾಬತ್ತನ್ನೂ ಸೇರಿಸಿ ಒಟ್ಟು ಖರ್ಚು 1,77,620.

3. ಸೆಪ್ಟೆಂಬರ್ 5, ಗುರುವಾರ: ಟೆಂಪ್ಲೇಟ್, ಮೊದಲ ಪ್ರಯತ್ನ

ಲ್ಯಾಬ್ ಮ್ಯಾನುಯಲ್ ಬರೆದಿರುವುದು ಉಬುಂಟು 22.04ಕ್ಕೆ. ಅದರ ಕ್ಲೌಡ್ ಇಮೇಜನ್ನು (ಮೊದಲೇ ಸ್ಥಾಪಿಸಿಟ್ಟ ಡಿಸ್ಕ್ ಕಡತ) ಇಳಿಸಿಕೊಂಡು, ವಿಎಂಗಳಿಗೆ ಅಚ್ಚಾಗುವ ಟೆಂಪ್ಲೇಟಿಗಾಗಿ ಈ ಕ್ರಮದಲ್ಲಿ ನಡೆದೆ. ವಿಎಂಗಳನ್ನು ನಿಭಾಯಿಸುವ ಕಮ್ಯಾಂಡ್ ಕ್ಯೂಎಂ. ಕ್ಯೂಎಂ ಕ್ರಿಯೇಟ್ 9001 ಎಂದು 4096 ಎಂಬಿ ರ‍್ಯಾಮ್, 2 ಕೋರ್, ವರ್ಟಿಯೋ ನೆಟ್‌ವರ್ಕ್ ಕಾರ್ಡ್ ಇರುವ ಖಾಲಿ ವಿಎಂ. ಕ್ಯೂಎಂ ಡಿಸ್ಕ್ ಇಂಪೋರ್ಟ್‌ನಿಂದ ಇಮೇಜನ್ನು ಲೋಕಲ್-ಎಲ್‌ವಿಎಂಗೆ (ಮೇಲೆ ಹೇಳಿದ ಥಿನ್ ಪೂಲ್) ತಂದು, ಕ್ಯೂಎಂ ಸೆಟ್‌ನಿಂದ ಅದನ್ನು ಸ್ಕಸಿ0 ಆಗಿ ಜೋಡಿಸಿದೆ. ಬೂಟ್ ಆಗುವಾಗ ಹೆಸರು, ವಿಳಾಸ ಮುಂತಾದುವನ್ನು ಹೊಂದಿಸುವ ಕ್ಲೌಡ್-ಇನಿಟ್‌ನ ಡ್ರೈವನ್ನು ಐಡಿಇ2ಕ್ಕೆ ಕೊಟ್ಟೆ. ಬೂಟ್ ಕ್ರಮದಲ್ಲಿ ಸ್ಕಸಿ0 ಮಾತ್ರ. ಸೀರಿಯಲ್0 ಸಾಕೆಟ್ ಸೇರಿಸಿ ಪರದೆಯನ್ನೂ ಅದಕ್ಕೇ ತಿರುಗಿಸಿದೆ. ನಂತರ ವಿಎಂ ಚಾಲೂ ಮಾಡಿ, ಒಳಗೆ ಹೋಗಿ ಗೆಸ್ಟ್ ಏಜೆಂಟ್ (ವಿಎಂ ಒಳಗಿನ ಸ್ಥಿತಿಯನ್ನು ಪ್ರಾಕ್ಸ್‌ಮಾಕ್ಸ್‌ಗೆ ತಿಳಿಸುವ ಪ್ರೋಗ್ರಾಮ್) ಮತ್ತು ಸಿ ಕಂಪೈಲರ್ ಹಾಕಲು ಹೊರಟೆ.

ಅರ್ಧದಲ್ಲಿ ಡಿಸ್ಕಿನಲ್ಲಿ ಜಾಗವಿಲ್ಲ ಎಂದು ನಿಂತಿತು. ಈ ಇಮೇಜಿನ ಡಿಸ್ಕ್ ಬರೀ 2.2 ಜಿಬಿ, ಅದನ್ನು ನಾವೇ ಹಿಗ್ಗಿಸಬೇಕು. ವಿಎಂ ನಿಲ್ಲಿಸಿ, ಕ್ಯೂಎಂ ಡಿಸ್ಕ್ ರೀಸೈಜ್‌ನಿಂದ 20 ಜಿಬಿ ಮಾಡಿ ಮತ್ತೆ ಚಾಲೂ ಮಾಡಿದಾಗ, ಒಳಗಿನ ಪಾರ್ಟಿಷನ್ ಕ್ಲೌಡ್-ಇನಿಟ್‌ನಿಂದ ತಾನಾಗಿಯೇ ಹಿಗ್ಗಿತು. ಬೇಕಾದುದನ್ನೆಲ್ಲ ಹಾಕಿ, ಆಫ್ ಮಾಡಿ, ಕ್ಯೂಎಂ ಟೆಂಪ್ಲೇಟ್ 9001 ಎಂದು ಹೊಡೆದು, ಗಣೇಶ ಹಬ್ಬಕ್ಕೆ ಊರಿಗೆ ಹೋದೆ.

4. ಸೆಪ್ಟೆಂಬರ್ 9, ಸೋಮವಾರ: ಮೂರು ಯಂತ್ರ, ಒಂದೇ ವಿಳಾಸ

ಹಬ್ಬ ಮುಗಿಸಿ ಬಂದು ಟೆಂಪ್ಲೇಟ್‌ನಿಂದ ಮೂರು ಪ್ರತಿ ತೆಗೆದು, ಐಪಿ ವಿಳಾಸಗಳನ್ನು ತಾನಾಗಿ ಹಂಚುವ ಡಿಎಚ್‌ಸಿಪಿಯಲ್ಲಿ ಚಾಲೂ ಮಾಡಿದೆ. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲಿ ಒಳಹೋದರೆ ಒಮ್ಮೆ ಮೊದಲ ಯಂತ್ರ ಸಿಗುತ್ತದೆ, ಮತ್ತೊಮ್ಮೆ ಹೋದರೆ ಸರ್ವರಿನ ಗುರುತಿನ ಕೀಲಿ ಬದಲಾಗಿದೆ, ಯಾರೋ ನಡುವೆ ನಿಂತಿರಬಹುದು ಎಂಬ ದೊಡ್ಡ ಎಚ್ಚರಿಕೆ ಬರುತ್ತದೆ. ಯಾರೂ ನಿಂತಿರಲಿಲ್ಲ. ಮೂರೂ ಯಂತ್ರಗಳು ಒಂದೇ ಐಪಿ ವಿಳಾಸವನ್ನು ಪಡೆದಿದ್ದವು. ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸಗಳು ಬೇರೆ ಬೇರೆಯೇ ಇದ್ದುದರಿಂದ ನಾನು ಮೊದಲು ಡಿಎಚ್‌ಸಿಪಿ ಸರ್ವರನ್ನೇ ಅನುಮಾನಿಸಿ ಒಂದು ಗಂಟೆ ಅದರ ಹಿಂದೆ ಬಿದ್ದೆ.

ಕಾರಣ ಟೆಂಪ್ಲೇಟಿನಲ್ಲೇ ಇತ್ತು. ಉಬುಂಟು ಡಿಎಚ್‌ಸಿಪಿ ಕೇಳುವಾಗ ಕೊಡುವ ಗುರುತು ಹುಟ್ಟುವುದು ಇಟಿಸಿಯ ಒಳಗಿನ ಮೆಷಿನ್-ಐಡಿ ಕಡತದಿಂದ. ಹೊಸ ಕ್ಲೌಡ್ ಇಮೇಜಿನಲ್ಲಿ ಅದು ಖಾಲಿ ಇರುತ್ತದೆ, ಮೊದಲ ಸಲ ಬೂಟ್ ಆದಾಗ ತುಂಬಿಕೊಳ್ಳುತ್ತದೆ. ನಾನು ಟೆಂಪ್ಲೇಟ್ ಮಾಡುವ ಮೊದಲೇ ಬೂಟ್ ಮಾಡಿ ತುಂಬಿಸಿಬಿಟ್ಟಿದ್ದೆ. ಪ್ರತಿಗಳೆಲ್ಲ ಅದೇ ಗುರುತನ್ನು ಹೊತ್ತುಕೊಂಡು ಹುಟ್ಟಿದವು.

ಎರಡನೇ ಪ್ರಯತ್ನದಲ್ಲಿ ಇಮೇಜನ್ನು ಬೂಟ್ ಮಾಡದೆಯೇ ಸಿದ್ಧಪಡಿಸಿದೆ. ಲಿಬ್‌ಗೆಸ್ಟ್‌ಎಫ್‌ಎಸ್-ಟೂಲ್ಸ್ ಪ್ಯಾಕೇಜಿನ ವರ್ಟ್-ಕಸ್ಟಮೈಜ್‌ಗೆ ಇಮೇಜ್ ಕಡತದ ಹೆಸರು ಕೊಟ್ಟು, ಇನ್‌ಸ್ಟಾಲ್ ಆಯ್ಕೆಯಿಂದ ಬೇಕಾದ ಪ್ಯಾಕೇಜುಗಳನ್ನು ಹಾಕಿಸಿದೆ. ಇಲ್ಲೊಂದು ಸೂಕ್ಷ್ಮವಿದೆ: ಅದು ಓಡುವಾಗ ತಾನೇ ಮೆಷಿನ್-ಐಡಿ ಬರೆಯುತ್ತಿದ್ದೇನೆ ಎಂಬ ಸಾಲನ್ನು ತೋರಿಸಿ ಹೊಸ ಗುರುತೊಂದನ್ನು ತುಂಬುತ್ತದೆ. ಹಾಗಾಗಿ ಟ್ರಂಕೇಟ್ ಆಯ್ಕೆಯಿಂದ ಆ ಕಡತವನ್ನು ಮತ್ತೆ ಬರಿದು ಮಾಡಲೇಬೇಕು. ಕಡತವನ್ನು ಅಳಿಸಬಾರದು, ಒಳಗಿರುವುದನ್ನು ಮಾತ್ರ ಖಾಲಿ ಮಾಡಬೇಕು. ಹೀಗೆ ಮಾಡಿದ ಇಮೇಜಿನಿಂದ ತೆಗೆದ ಮೂರು ಪ್ರತಿಗಳಿಗೂ ಮೂರು ವಿಳಾಸ ಬಂದವು.

5. ಸೆಪ್ಟೆಂಬರ್ 11, ಬುಧವಾರ: ನೋಡ್‌ಗೊಂದು ಟೆಂಪ್ಲೇಟ್

ಮೊದಲ ನೋಡ್‌ನ ಟೆಂಪ್ಲೇಟಿನಿಂದ ಎರಡನೇ ನೋಡ್‌ಗೆ ನೇರವಾಗಿ ಪ್ರತಿ ತೆಗೆಯಬಹುದೆಂದು ಕ್ಯೂಎಂ ಕ್ಲೋನ್‌ಗೆ ಟಾರ್ಗೆಟ್ ಆಯ್ಕೆ ಕೊಟ್ಟೆ. ಡಿಸ್ಕ್ ಸ್ಥಳೀಯ ಸಂಗ್ರಹದಲ್ಲಿರುವುದರಿಂದ ಆಗದು ಎಂದಿತು. ಎಲ್ಲ ನೋಡ್‌ಗಳಿಗೂ ಕಾಣುವ ಹಂಚಿಕೆಯ ಸಂಗ್ರಹ ನಮ್ಮಲ್ಲಿಲ್ಲ, ತರುವಷ್ಟು ಹಣವೂ ಇಲ್ಲ. ಸಿದ್ಧ ಇಮೇಜ್ ಕಡತವನ್ನು ಮೂರೂ ಕಡೆ ನಕಲಿಸಿ, 9001, 9002, 9003 ಎಂದು ಮೂರು ಟೆಂಪ್ಲೇಟ್ ಮಾಡಿದೆ. ಟೆಂಪ್ಲೇಟ್ ತಯಾರಿಸುವ ಹನ್ನೊಂದು ಸಾಲುಗಳನ್ನೇ ಒಂದು ಸ್ಕ್ರಿಪ್ಟ್ ಮಾಡಿಟ್ಟದ್ದರಿಂದ ಅದು ಬೇಸರದ ಕೆಲಸವಾಗಲಿಲ್ಲ.

ಪೂರ್ಣ ಪ್ರತಿಗೂ, ಟೆಂಪ್ಲೇಟಿನ ಡಿಸ್ಕನ್ನೇ ಆಧರಿಸಿ ಬದಲಾವಣೆಗಳನ್ನು ಮಾತ್ರ ಇಟ್ಟುಕೊಳ್ಳುವ ಲಿಂಕ್ಡ್ ಪ್ರತಿಗೂ ಇರುವ ವ್ಯತ್ಯಾಸವನ್ನು ಗಡಿಯಾರ ಹಿಡಿದು ನೋಡಿದೆ. ಪೂರ್ಣ ಪ್ರತಿಗೆ ಒಂದು ನಿಮಿಷದ ಮೇಲೆ, ಲಿಂಕ್ಡ್ ಪ್ರತಿಗೆ ನಾಲ್ಕು ಸೆಕೆಂಡ್. ಲಿಂಕ್ಡ್ ಆರಿಸಿಕೊಂಡೆ. ಇದರ ಬೆಲೆಯೆಂದರೆ, ಮಕ್ಕಳು ಇರುವವರೆಗೆ ತಾಯಿ ಟೆಂಪ್ಲೇಟನ್ನು ಅಳಿಸಲು ಬಿಡುವುದಿಲ್ಲ. ಸೆಮಿಸ್ಟರ್ ಮುಗಿಯುವವರೆಗೆ ನನಗೆ ಅದೇ ಬೇಕಾದದ್ದು.

ಅದೇ ದಿನ ಐದನೇ ಸೆಮಿಸ್ಟರಿನ ಬೇರೊಂದು ಲ್ಯಾಬಿಗೆಂದು ರಾಕಿ ಲಿನಕ್ಸ್ 9ರ ಟೆಂಪ್ಲೇಟನ್ನೂ ಮಾಡಹೋದೆ. ಬೂಟ್ ಆಗುತ್ತಲೇ ಈ ಸಿಪಿಯು ಎಕ್ಸ್86-64-ವಿ2 (ಸಿಪಿಯು ಸಾಮರ್ಥ್ಯದ ಒಂದು ಮಟ್ಟ) ಅನ್ನು ಬೆಂಬಲಿಸುವುದಿಲ್ಲ ಎಂದು ಲಿನಕ್ಸಿನ ಮೂಲ ಲೈಬ್ರರಿ ಜಿಲಿಬ್‌ಸಿಯ ದೋಷ, ಅದರ ಬೆನ್ನಿಗೇ ಕರ್ನಲ್ ಪ್ಯಾನಿಕ್ ಆಗಿ ಎಲ್ಲವೂ ನಿಂತಿತು. ಜಿಯಾನ್ ಅಷ್ಟು ಹಳೆಯದಲ್ಲವಲ್ಲ ಎಂದು ಆಶ್ಚರ್ಯವಾಯಿತು. ವಿಷಯವಿಷ್ಟೆ: ವೆಬ್ ಪುಟದಿಂದ ವಿಎಂ ಮಾಡಿದರೆ ಸಿಪಿಯು ಮಾದರಿ ಎಕ್ಸ್86-64-ವಿ2-ಎಇಎಸ್ ಎಂದು ತಾನಾಗಿಯೇ ಬರುತ್ತದೆ, ಕಮ್ಯಾಂಡ್ ಲೈನಿನಲ್ಲಿ ನಾವು ಹೇಳದಿದ್ದರೆ ಬಹಳ ಹಿಂದಿನ ಕೆವಿಎಂ64 ಮಾದರಿ ಬರುತ್ತದೆ. ಉಬುಂಟು ಅದರ ಮೇಲೂ ಓಡುತ್ತಿದ್ದುದರಿಂದ ಗಮನಕ್ಕೇ ಬಂದಿರಲಿಲ್ಲ. ಕ್ಯೂಎಂ ಸೆಟ್‌ನಿಂದ ಎಲ್ಲ ಟೆಂಪ್ಲೇಟುಗಳಿಗೂ ಸಿಪಿಯು ಮಾದರಿಯನ್ನು ಬರೆದೆ. ಸರ್ವರಿನ ಸಿಪಿಯುವನ್ನೇ ಹಾಗೆಯೇ ತೋರಿಸುವ ಹೋಸ್ಟ್ ಎಂದು ಕೊಡಲಿಲ್ಲ, ಏಕೆಂದರೆ ಮೂರನೇ ನೋಡ್ ಉಳಿದೆರಡರ ಹಾಗಿಲ್ಲ. ವಿಎಂ ಯಾವ ನೋಡ್‌ನಲ್ಲಿದ್ದರೂ ಒಂದೇ ಸಿಪಿಯು ಕಾಣಬೇಕು.

6. ಸೆಪ್ಟೆಂಬರ್ 13, ಶುಕ್ರವಾರ: ಸ್ಕ್ರಿಪ್ಟ್

ವಿದ್ಯಾರ್ಥಿಗಳ ಪಟ್ಟಿಯನ್ನು ಕಚೇರಿಯಿಂದ ಎಕ್ಸೆಲ್‌ನಲ್ಲಿ ಪಡೆದು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ) ಮಾಡಿದೆ. ಎರಡೇ ಕಾಲಂ: ಯುಎಸ್‌ಎನ್‌ನ (ವಿಶ್ವವಿದ್ಯಾಲಯ ಕೊಡುವ ವಿದ್ಯಾರ್ಥಿ ಸಂಖ್ಯೆ) ಕೊನೆಯ ಮೂರು ಅಂಕಿ, ನಂತರ ಪೂರ್ಣ ಯುಎಸ್‌ಎನ್. ಎಕ್ಸೆಲ್ 001ನ್ನು 1 ಮಾಡಿಬಿಡುತ್ತದೆ. ನೋಡಲು ಚೆನ್ನಾಗಿರುವುದಿಲ್ಲವೆಂದು, ಮುಂದಿನ ಸೊನ್ನೆಗಳು ಉಳಿಯಲೇಬೇಕು ಎಂದು ಹಠ ಹಿಡಿದು ಆ ಕಾಲಂ ಅನ್ನು ಟೆಕ್ಸ್ಟ್ ಮಾಡಿಸಿದವನು ನಾನೇ. ಈ ಸಾಲನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಸ್ಕ್ರಿಪ್ಟ್ ಎರಡು ಭಾಗದ್ದು. ಹೊರಗಿನದು ಪಟ್ಟಿಯನ್ನು ವೈಲ್ ರೀಡ್ ಲೂಪಿನಲ್ಲಿ ಸಾಲು ಸಾಲಾಗಿ ಓದಿ, ಪ್ರತಿ ಸಾಲಿಗೆ ಒಳಗಿನ ಸ್ಕ್ರಿಪ್ಟನ್ನು ಕರೆಯುತ್ತದೆ. ಒಳಗಿನದು ಕ್ರಮಸಂಖ್ಯೆಗೆ 1000 ಕೂಡಿಸಿ ವಿಎಂ ಸಂಖ್ಯೆಯನ್ನು, 100 ಕೂಡಿಸಿ ಐಪಿ ವಿಳಾಸದ ಕೊನೆಯ ಭಾಗವನ್ನು, 3ರಿಂದ ಭಾಗಿಸಿದ ಶೇಷದಿಂದ ನೋಡ್ ಅನ್ನು ತೀರ್ಮಾನಿಸುತ್ತದೆ. ಸಂಖ್ಯೆ ಖಾಲಿ ಬಂದರೆ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಎಸ್‌ಎಸ್‌ಎಚ್ ಮೂಲಕ ಆ ನೋಡ್‌ಗೆ ಹೋಗಿ ಕ್ಯೂಎಂ ಕ್ಲೋನ್, ಐಪಿ ಕೊಡಲು ಕ್ಯೂಎಂ ಸೆಟ್, ಕೊನೆಗೆ ಕ್ಯೂಎಂ ಸ್ಟಾರ್ಟ್. ವಿಎಂ ಹೆಸರು ಯುಎಸ್‌ಎನ್ ಆಗಿರುತ್ತದೆ.

ಮೊದಲ ಓಟದಲ್ಲಿ ಮೊದಲ ಸಾಲಿಗೇ ಇದು ಸರಿಯಾದ ಡಿಎನ್‌ಎಸ್ ಹೆಸರಲ್ಲ ಎಂಬ ದೋಷ. ಪರದೆಯ ಮೇಲೆ ಯುಎಸ್‌ಎನ್ ಸರಿಯಾಗಿಯೇ ಕಾಣುತ್ತಿತ್ತು. ಕ್ಯಾಟ್ ಕಮ್ಯಾಂಡಿಗೆ ದೊಡ್ಡ ಎ ಆಯ್ಕೆ ಕೊಟ್ಟು ನೋಡಿದಾಗ, ವಿಂಡೋಸ್ ಪ್ರತಿ ಸಾಲಿನ ತುದಿಯಲ್ಲಿ ಬಿಟ್ಟಿದ್ದ ಕಾಣದ ಅಕ್ಷರ ಹೊರಬಿತ್ತು. ಡಾಸ್‌ಟುಯುನಿಕ್ಸ್ ಹಾಕಿ ತೊಳೆದೆ.

ಎರಡನೇ ಓಟದಲ್ಲಿ ಐದು ಜನರ ಪ್ರಯೋಗ ಪಟ್ಟಿ ಕೊಟ್ಟೆ. ಒಂದೇ ಒಂದು ವಿಎಂ ಹುಟ್ಟಿತು. ಸ್ಕ್ರಿಪ್ಟ್ ಯಾವ ದೋಷವನ್ನೂ ಹೇಳದೆ ಶಾಂತವಾಗಿ ಮುಗಿಯಿತು. ಮತ್ತೆ ಓಡಿಸಿದರೂ ಅಷ್ಟೇ. ಲೂಪಿನೊಳಗಿನ ಎಸ್‌ಎಸ್‌ಎಚ್ ತನಗೂ ಏನೋ ಇನ್‌ಪುಟ್ ಇದೆಯೆಂದು ತಿಳಿದು, ಪಟ್ಟಿಯ ಉಳಿದ ನಾಲ್ಕು ಸಾಲುಗಳನ್ನು ನುಂಗಿಬಿಟ್ಟಿತ್ತು. ಲೂಪ್ ಎರಡನೇ ಸುತ್ತಿಗೆ ಬಂದಾಗ ಓದಲು ಏನೂ ಉಳಿದಿರಲಿಲ್ಲ. ಎಸ್‌ಎಸ್‌ಎಚ್‌ಗೆ ಎನ್ ಎಂಬ ಆಯ್ಕೆ ಕೊಟ್ಟರೆ ಅದು ಇನ್‌ಪುಟ್‌ಗೆ ಬಾಯಿ ಹಾಕುವುದಿಲ್ಲ. ಕೊಟ್ಟೆ. ಐದೂ ಹುಟ್ಟಿದವು, ಐದೂ ಪಿಂಗ್‌ಗೆ ಓಗೊಟ್ಟವು.

ಸಂಜೆ ಆರಕ್ಕೆ ಪೂರ್ಣ ಪಟ್ಟಿಯನ್ನು ಕೊಟ್ಟು ಓಡಿಸಿದೆ. ಪರದೆ ತುಂಬ ಸಾಲುಗಳು ಓಡುವುದು ಬೇಡವೆಂದು ದೋಷ ಸಂದೇಶಗಳನ್ನೂ ಲಾಗ್ ಕಡತಕ್ಕೆ ತಿರುಗಿಸಿದ್ದೆ. ಎಲ್ಲ ಯಂತ್ರಗಳೂ ಒಟ್ಟಿಗೆ ಬೂಟ್ ಆಗಿ ಡಿಸ್ಕ್ ಏದುಸಿರು ಬಿಡದಿರಲೆಂದು ನಡುನಡುವೆ ಎಂಟು ಸೆಕೆಂಡ್ ವಿರಾಮ. ಚಹಾ ಕುಡಿದು ಬಂದು ವೆಬ್ ಪುಟ ನೋಡಿದರೆ 1001, 1002, 1003 ಎಂದು ನಡುವೆ ಒಂದೂ ಬಿಡದೆ ಹಸಿರು ಗುರುತಿನ ಸಾಲು. ಎಣಿಸಲಿಲ್ಲ. ಅಷ್ಟು ಅಚ್ಚುಕಟ್ಟಾದ ಸಾಲನ್ನು ಯಾರು ಎಣಿಸುತ್ತಾರೆ!

7. ಸೆಪ್ಟೆಂಬರ್ 17, ಮಂಗಳವಾರ: ಮೊದಲ ಲ್ಯಾಬ್

ಪ್ರತಿ ವಿದ್ಯಾರ್ಥಿಗೂ ಐಪಿ ವಿಳಾಸದ ಚೀಟಿ ಕೊಟ್ಟೆ. ಚೀಟಿಗಳನ್ನು ಎಕ್ಸೆಲ್‌ನಲ್ಲೇ ಲೆಕ್ಕ ಹಾಕಿ ಮುದ್ರಿಸಿದ್ದೆ: 001ಕ್ಕೆ 10.20.30.101, 010ಕ್ಕೆ 10.20.30.110, ಹೀಗೆ. ಆರಂಭದ ಪಾಸ್‌ವರ್ಡ್ ಎಲ್ಲರಿಗೂ ಒಂದೇ. ಹತ್ತು ನಿಮಿಷ ಎಲ್ಲವೂ ಚೆನ್ನಾಗಿ ನಡೆಯಿತು. ಆಮೇಲೆ ಎರಡನೇ ಸಾಲಿನಿಂದ ಒಬ್ಬಳು ಕೈ ಎತ್ತಿದಳು.

"ಸರ್, ನನ್ನ ಮೆಷಿನ್‌ನಲ್ಲಿ ಬೇರೆಯವರ ಯುಎಸ್‌ಎನ್ ಬರ್ತಾ ಇದೆ."

ಹೋಗಿ ನೋಡಿದೆ. ಅವಳದು 010. ಚೀಟಿಯಲ್ಲಿ 110 ಇತ್ತು, ಅವಳು ಟೈಪ್ ಮಾಡಿದ್ದೂ 110. ಆದರೆ ಪ್ರಾಂಪ್ಟಿನಲ್ಲಿ 012ರ ಹೆಸರು. ಚೀಟಿ ತಪ್ಪಾಗಿರಬೇಕು ಎಂದುಕೊಳ್ಳುವಷ್ಟರಲ್ಲಿ ಹಿಂದಿನ ಬೆಂಚಿನಿಂದ, "ಸರ್, ನಮ್ಮದು ಕನೆಕ್ಟೇ ಆಗ್ತಿಲ್ಲ" ಎಂದು ಸಾಲಾಗಿ ದೂರು. 049ರಿಂದ 060ರವರೆಗಿನ ಹನ್ನೆರಡು ಮಂದಿಗೂ ಯಂತ್ರವೇ ಇರಲಿಲ್ಲ.

ಲಾಗ್ ಕಡತ ತೆರೆದೆ. 008ರ ಸಾಲಿನಲ್ಲಿ, ಈ ಅಂಕಿ ಆಧಾರಕ್ಕಿಂತ ದೊಡ್ಡದಾಗಿದೆ ಎಂಬ ದೋಷ. 009ಕ್ಕೂ ಅದೇ, 018, 019, 028 ಹೀಗೆ 059ರವರೆಗೆ ಒಟ್ಟು ಹನ್ನೆರಡು. ಆಗ ತಲೆಗೆ ಹೊಳೆಯಿತು. ಸೊನ್ನೆಯಿಂದ ಶುರುವಾಗುವ ಸಂಖ್ಯೆಯನ್ನು, ಸ್ಕ್ರಿಪ್ಟ್ ಓಡಿಸುವ ಬ್ಯಾಷ್ ಲೆಕ್ಕದಲ್ಲಿ ಅಷ್ಟಮಾನ ಪದ್ಧತಿಯ ಸಂಖ್ಯೆ ಎಂದು ತಿಳಿಯುತ್ತದೆ. ಆ ಪದ್ಧತಿಯಲ್ಲಿ 8, 9 ಎಂಬ ಅಂಕಿಗಳೇ ಇಲ್ಲ, ಆದ್ದರಿಂದ ಆ ಹನ್ನೆರಡು ನಿಂತವು. ನಿಂತವುಗಳಿಗಿಂತ ನಡೆದವುಗಳೇ ಹೆಚ್ಚು ಹಾಳು ಮಾಡಿದ್ದವು: 010 ಎಂದರೆ ಅದಕ್ಕೆ ಎಂಟು, 012 ಎಂದರೆ ಹತ್ತು, 020 ಎಂದರೆ ಹದಿನಾರು, 060 ಎಂದರೆ ನಲವತ್ತೆಂಟು. ಹೀಗೆ ಹುಟ್ಟಿದ 48 ಯಂತ್ರಗಳು 1001ರಿಂದ 1048ರವರೆಗೆ ಒಂದೂ ಸಂಖ್ಯೆ ಬಿಡದೆ ಸಾಲಾಗಿ ನಿಂತಿದ್ದವು. ಒಂದಾದರೂ ಖಾಲಿ ಜಾಗ ಕಂಡಿದ್ದರೆ ಶುಕ್ರವಾರ ಸಂಜೆಯೇ ಸಿಕ್ಕಿಬೀಳುತ್ತಿತ್ತು.

ಮೊದಲ ಏಳು ಮಂದಿಗೆ ಮಾತ್ರ ತಮ್ಮ ಯಂತ್ರ ಸಿಕ್ಕಿತ್ತು. 008ರಿಂದ 048ರವರೆಗಿನ ನಲವತ್ತೊಂದು ಮಂದಿ ಇನ್ನೊಬ್ಬರ ಯಂತ್ರದಲ್ಲಿ ಕೂತು ಪ್ರೋಗ್ರಾಮ್ ಬರೆಯುತ್ತಿದ್ದರು. ಪಾಸ್‌ವರ್ಡ್ ಬೇರೆ ಬೇರೆ ಇದ್ದಿದ್ದರೆ ಮೊದಲ ನಿಮಿಷದಲ್ಲೇ ಬಾಗಿಲು ತೆರೆಯದೆ ವಿಷಯ ಗೊತ್ತಾಗುತ್ತಿತ್ತು. ಒಂದೇ ಕೀಲಿ ಎಲ್ಲ ಮನೆಗೂ ಹೊಂದಿದ್ದರಿಂದ ತಪ್ಪು ಮನೆಗೆ ಹೋದದ್ದೇ ಯಾರಿಗೂ ತಿಳಿಯಲಿಲ್ಲ. ಐದು ಜನರ ಪ್ರಯೋಗ ಪಟ್ಟಿಯ ಬದಲು ಎಂಟು ಜನರದ್ದು ಮಾಡಿದ್ದರೂ ಸಾಕಿತ್ತು. ಐದೇ ಏಕೆ ಎಂದರೆ, ಐದು ಬೆರಳು ಇವೆ ಎಂಬುದನ್ನು ಬಿಟ್ಟು ನನ್ನಲ್ಲಿ ಬೇರೆ ಉತ್ತರವಿಲ್ಲ.

ಉಳಿದ ಒಂದೂವರೆ ಗಂಟೆಯಲ್ಲಿ ಯಂತ್ರ ಇಲ್ಲದವರನ್ನು ಪಕ್ಕದವರೊಡನೆ ಕೂರಿಸಿ, ಎಲ್ಲರೂ ತಮ್ಮ ಪ್ರೋಗ್ರಾಮನ್ನು ಪೆನ್ ಡ್ರೈವಿಗೆ ತೆಗೆದುಕೊಂಡ ಮೇಲೆ ಲ್ಯಾಬ್ ಮುಗಿಸಿದೆ.

8. ಸೆಪ್ಟೆಂಬರ್ 18, ಬುಧವಾರ: ಅಳಿಸಿ ಮತ್ತೆ ಮಾಡಿದ್ದು

ಐಪಿ ವಿಳಾಸಗಳನ್ನು ಮಾತ್ರ ತಿದ್ದಿ ಬಿಡಬಹುದಿತ್ತು. ಆದರೆ ವಿಎಂ ಸಂಖ್ಯೆಯೇ ತಪ್ಪಾಗಿದ್ದರೆ ಸೆಮಿಸ್ಟರ್ ಪೂರ್ತಿ ಪ್ರತಿ ಸಲವೂ ಮನಸ್ಸಿನಲ್ಲಿ ಗುಣಿಸಿಕೊಳ್ಳಬೇಕಾಗುತ್ತದೆ. ಎಲ್ಲವನ್ನೂ ಅಳಿಸಲು ತೀರ್ಮಾನಿಸಿದೆ.

ಅಳಿಸುವ ಸ್ಕ್ರಿಪ್ಟ್ ಬರೆಯುವಾಗ ಕೈ ನಡುಗಿತು ಎಂದರೆ ಉತ್ಪ್ರೇಕ್ಷೆಯಲ್ಲ. ಅದೇ ಕ್ಲಸ್ಟರಿನಲ್ಲಿ ಆಗಲೇ ಸಹೋದ್ಯೋಗಿಯೊಬ್ಬರ ಪ್ರಾಜೆಕ್ಟ್ ಯಂತ್ರವೂ ಇತ್ತು. ಕ್ಯೂಎಂ ಡಿಸ್ಟ್ರಾಯ್ ಆ ವಿಎಂ ಇರುವ ನೋಡ್‌ನಲ್ಲೇ ಓಡಬೇಕು. ಪಿವಿಇಎಸ್‌ಎಚ್‌ನಿಂದ ಕ್ಲಸ್ಟರಿನ ಎಲ್ಲ ವಿಎಂಗಳ ಪಟ್ಟಿ ತೆಗೆದು, ಸಂಖ್ಯೆ 1001ರಿಂದ 1060ರ ಒಳಗಿದ್ದು ಹೆಸರಿನಲ್ಲಿ ನಮ್ಮ ಯುಎಸ್‌ಎನ್‌ನ ಮೊದಲ ಭಾಗವೂ ಇದ್ದರೆ ಮಾತ್ರ ಅಳಿಸುವ ಸಾಲನ್ನು ಸಿದ್ಧಪಡಿಸುವಂತೆ ಬರೆದೆ. ಮೊದಲ ಓಟದಲ್ಲಿ ಅದು ಏನನ್ನೂ ಅಳಿಸದೆ, ಅಳಿಸಲಿರುವ ಸಾಲುಗಳನ್ನು ಕಡತಕ್ಕೆ ಬರೆಯುತ್ತದೆ. ಆ ಕಡತವನ್ನು ಮುದ್ರಿಸಿ, ಪೆನ್ನಿನಿಂದ 48 ಸಾಲಿಗೂ ಗುರುತು ಹಾಕಿ, ಆಮೇಲೆ ಓಡಿಸಿದೆ. ಈ ಸಲ ಎಣಿಸಿದೆ.

ಸೃಷ್ಟಿಸುವ ಸ್ಕ್ರಿಪ್ಟಿನಲ್ಲಿ ಮಾಡಿದ ತಿದ್ದುಪಡಿಗಳು ನಾಲ್ಕು. ಕ್ರಮಸಂಖ್ಯೆಯ ಆರಂಭದಲ್ಲಿ 10# ಎಂಬ ಗುರುತು ಸೇರಿಸಿದೆ. ಇದರಿಂದ ಬ್ಯಾಷ್ ಅದನ್ನು ದಶಮಾನ ಸಂಖ್ಯೆಯಾಗಿಯೇ ಓದುತ್ತದೆ. ಪ್ರತಿ ವಿದ್ಯಾರ್ಥಿಗೂ ಓಪನ್‌ಎಸ್‌ಎಸ್‌ಎಲ್ ರ‍್ಯಾಂಡ್‌ನಿಂದ ಬೇರೆ ಪಾಸ್‌ವರ್ಡ್ ಹುಟ್ಟಿಸಿ, ಕ್ಲೌಡ್-ಇನಿಟ್‌ನ ಪಾಸ್‌ವರ್ಡ್ ಆಯ್ಕೆಗೆ ಕೊಟ್ಟೆ. ಚೀಟಿಯ ಸಾಲನ್ನು ಎಕ್ಸೆಲ್‌ನಿಂದಲ್ಲ, ವಿಎಂ ಮಾಡುವ ಸ್ಕ್ರಿಪ್ಟಿನಿಂದಲೇ ಬರೆಸಿದೆ. ಲೆಕ್ಕ ತಪ್ಪಿದರೂ ಚೀಟಿಯೂ ಯಂತ್ರವೂ ಒಟ್ಟಿಗೆ ತಪ್ಪಲಿ ಎಂಬ ಉದ್ದೇಶ. ಕೊನೆಯಲ್ಲಿ ಪಟ್ಟಿಯ ಸಾಲುಗಳ ಸಂಖ್ಯೆಯನ್ನೂ ಹುಟ್ಟಿದ ವಿಎಂಗಳ ಸಂಖ್ಯೆಯನ್ನೂ ಪಕ್ಕಪಕ್ಕದಲ್ಲಿ ತೋರಿಸಿ, ಎರಡೂ ಹೊಂದದಿದ್ದರೆ ದೋಷದ ಸಾಲುಗಳನ್ನು ಪರದೆಗೇ ತರುತ್ತದೆ. ಹದಿಮೂರು ನಿಮಿಷದಲ್ಲಿ 60 ಸಾಲು, 60 ವಿಎಂ.

9. ಸೆಪ್ಟೆಂಬರ್ 26, ಗುರುವಾರ: 400ನೇ ವಿದ್ಯಾರ್ಥಿ ಮತ್ತು ಕರೆಂಟ್

ಡಿಪ್ಲೊಮಾ ಮುಗಿಸಿ ನೇರವಾಗಿ ಮೂರನೇ ಸೆಮಿಸ್ಟರಿಗೆ ಸೇರಿದ ಮೂವರು ಬಂದರು. ನಮ್ಮ ವಿಶ್ವವಿದ್ಯಾಲಯವಾದ ವಿಟಿಯುನಲ್ಲಿ ಇಂಥವರ ಯುಎಸ್‌ಎನ್‌ನ ಕೊನೆಯ ಅಂಕಿಗಳು 400ರಿಂದ ಶುರುವಾಗುತ್ತವೆ. ನನ್ನ ಸ್ಕ್ರಿಪ್ಟ್ 400ಕ್ಕೆ 100 ಕೂಡಿಸಿ 10.20.30.500 ಎಂಬ, ಭೂಮಿಯ ಮೇಲೆ ಇಲ್ಲದ ವಿಳಾಸವನ್ನು (ಯಾವ ಭಾಗವೂ 255 ಮೀರುವಂತಿಲ್ಲ) ಹುಟ್ಟಿಸಿತು. ಕ್ಯೂಎಂ ಸೆಟ್ ಅದನ್ನು ತಿರಸ್ಕರಿಸಿತು, ಪುಣ್ಯ. ಯುಎಸ್‌ಎನ್‌ನ ಅಂಕಿಯಿಂದ ವಿಳಾಸ ತೆಗೆಯುವುದೇ ತಪ್ಪು ಯೋಚನೆಯಾಗಿತ್ತು. ಪಟ್ಟಿಯ ಮೊದಲ ಕಾಲಂನಲ್ಲಿ ಈಗ ಹಾಜರಿ ಪುಸ್ತಕದ ಕ್ರಮಸಂಖ್ಯೆ ಇದೆ. ಈ ಮೂವರು 61, 62, 63.

ಅದನ್ನು ತಿದ್ದಿ ಓಡಿಸುವ ಹೊತ್ತಿಗೆ ಮಳೆ ಜೋರಾಗಿ ಕರೆಂಟ್ ಹೋಯಿತು. ಎರಡನೇ ಮತ್ತು ಮೂರನೇ ನೋಡ್ ಒಂದು ಯುಪಿಎಸ್ ಮೇಲಿದ್ದವು. ಏಳು ನಿಮಿಷಕ್ಕೆ ಅದು ಕೈಚೆಲ್ಲಿತು. ಮೊದಲ ನೋಡ್ ಇನ್ನೊಂದು ಯುಪಿಎಸ್ ಮೇಲೆ ಉಳಿದಿತ್ತು, ಅದರ ವಿಎಂಗಳೂ ಓಡುತ್ತಿದ್ದವು. ಆದರೆ ಹೊಸದನ್ನು ಮಾಡಹೋದರೆ ಕೋರಂ ಇಲ್ಲ ಎಂಬ ಉತ್ತರ. ಮೂವರಲ್ಲಿ ಇಬ್ಬರು ಹಾಜರಿಲ್ಲದ ಸಭೆಯಲ್ಲಿ ನಿರ್ಣಯ ಆಗದು. ಕ್ಲಸ್ಟರಿನ ವ್ಯವಸ್ಥೆಯ ಕಡತಗಳಿರುವ, ಇಟಿಸಿಯ ಒಳಗಿನ ಪಿವಿಇ ಕಡತಕೋಶ ಓದಲು ಮಾತ್ರ ಸಿಗುತ್ತದೆ. ಒಂದೇ ಮತ ಸಾಕೆನ್ನುವ ಪಿವಿಇಸಿಎಂ ಎಕ್ಸ್‌ಪೆಕ್ಟೆಡ್ 1 ಎಂದು ಹೊಡೆದು ದಾಟಬಹುದು. ಉಳಿದೆರಡು ನಿಜವಾಗಿಯೂ ಆಫ್ ಆಗಿವೆ ಎಂದು ಕಣ್ಣಾರೆ ನೋಡಿ, ಯಾರೋ ಆಫ್ ಮಾಡಿದ್ದ ಒಂದು ವಿಎಂ ಅನ್ನು ಚಾಲೂ ಮಾಡಲು ಮಾತ್ರ ಹಾಗೆ ಮಾಡಿದೆ. ಹೊಸ ಮೂರನ್ನು ಮಾಡುವುದು ಕರೆಂಟ್ ಬರುವವರೆಗೆ ಕಾಯಿತು.

ಸರ್ವರ್‌ಗಳ ಹಿಂಬದಿಗೆ ಹೋಗಿ ನೋಡಿದಾಗ ನನ್ನ ಇನ್ನೊಂದು ತಪ್ಪು ಕಂಡಿತು. ಪ್ರತಿ ಆರ್720ಗೂ ಎರಡು ಪವರ್ ಸಪ್ಲೈಗಳಿವೆ, ಮತ್ತು ನಾನು ಎರಡೂ ಪ್ಲಗ್‌ಗಳನ್ನು ಒಂದೇ ಯುಪಿಎಸ್‌ಗೆ ಚುಚ್ಚಿದ್ದೆ. ಈಗ ಪ್ರತಿ ಸರ್ವರಿನ ಒಂದು ಪ್ಲಗ್ ಒಂದು ಯುಪಿಎಸ್‌ಗೆ, ಇನ್ನೊಂದು ಮತ್ತೊಂದಕ್ಕೆ. ಮೂರೂ ಒಟ್ಟಿಗೆ ಉಳಿಯುತ್ತವೆ ಅಥವಾ ಒಟ್ಟಿಗೆ ಹೋಗುತ್ತವೆ. ಸಂಜೆ ವಿದ್ಯಾರ್ಥಿಗಳು ಹೋದ ಮೇಲೆ 63 ವಿಎಂಗಳನ್ನೂ ಚಾಲೂ ಇಟ್ಟು ಮೇನ್ ಸ್ವಿಚ್ ತೆಗೆದು ಅಳೆದೆ: ಹನ್ನೊಂದು ನಿಮಿಷ.

ಆ ಹನ್ನೊಂದು ನಿಮಿಷದೊಳಗೆ ವಿಎಂಗಳನ್ನು ಕ್ರಮವಾಗಿ ನಿಲ್ಲಿಸಿ ನೋಡ್‌ಗಳನ್ನು ಆಫ್ ಮಾಡುವ ಸ್ಕ್ರಿಪ್ಟ್ ಅರ್ಧ ಬರೆದಿದ್ದೇನೆ. ಒಂದು ಯುಪಿಎಸ್ ಯುಎಸ್‌ಬಿ ಮೂಲಕ, ಯುಪಿಎಸ್ ಮೇಲೆ ಕಣ್ಣಿಡುವ ನಟ್ ಸಾಫ್ಟ್‌ವೇರಿನೊಡನೆ ಮಾತಾಡುತ್ತದೆ, ಇನ್ನೊಂದಕ್ಕೆ ಯುಎಸ್‌ಬಿ ಪೋರ್ಟೇ ಇಲ್ಲ. ಸದ್ಯಕ್ಕೆ ಮಾತಾಡುವ ಯುಪಿಎಸ್ ಬ್ಯಾಟರಿಗೆ ಇಳಿದು ನಾಲ್ಕು ನಿಮಿಷ ಕಳೆದರೆ ಎಲ್ಲವನ್ನೂ ನಿಲ್ಲಿಸುವಂತೆ ಇಟ್ಟು, ಶನಿವಾರ ಮಧ್ಯಾಹ್ನ ಲ್ಯಾಬ್ ಖಾಲಿ ಇರುವಾಗ ಮತ್ತೊಮ್ಮೆ ಮೇನ್ ಸ್ವಿಚ್ ತೆಗೆದು ನೋಡುವವನಿದ್ದೇನೆ.